ಕಾಲೇಜು ಪಾಲಾದವು, ಪಿಂಚಣಿ ಪಾಲಾಗಲಿಲ್ಲ!

ಮಾನಸಗಂಗೋತ್ರಿಯ ಜಮಾ-ಖರ್ಚಿನ ಮೇಲೊಂದು ನೋಟ

ಮೊನ್ನೆ ಸಂಜೆ ಸಂತೇಪೇಟೆಯ ಅಂಗಡಿಯೊಂದರ ಮುಂದೆ ಮಾತು ಹತ್ತಿತು. ಗಿರಾಕಿಗೆ ಬೇಳೆ ತೂಗುತ್ತಿದ್ದ ಶೆಟ್ಟರು ತಲೆ ಎತ್ತದೆಯೇ ಕೇಳಿದರು: "ಅಲ್ಲ ಸ್ವಾಮಿ, ಯೂನಿವರ್ಸಿಟಿಗೂ ದುಡ್ಡಿಲ್ಲ ಅಂತಾರಲ್ಲ, ಇದೇನು ಕತೆ? ಮಹಾರಾಜರು ಕಟ್ಟಿಸಿದ ಸಂಸ್ಥೆ. ಏಳು ನೂರು ಎಕರೆಗೂ ಮಿಕ್ಕಿದ ಜಾಗ. ಪರೀಕ್ಷೆ ಪರೀಕ್ಷೆಗೂ ಫೀಸು ಕಟ್ಟಿಸಿಕೊಳ್ತಾರೆ. ನಾವು ನಾಕಾಣೆ ಲಾಭದಲ್ಲಿ ಅಂಗಡಿ ನಡೆಸ್ತೀವಿ. ಅವರಿಗೇನು ಬಂದಿದೆ?"

ಪಕ್ಕದಲ್ಲಿ ಚೀಲ ಹಿಡಿದು ನಿಂತಿದ್ದ ಇನ್ನೊಬ್ಬರು ದನಿಗೂಡಿಸಿದರು: "ಮೇಲಿನೋರು ತಿಂದಿರ್ತಾರೆ ಬಿಡಿ."

ನಮ್ಮೂರಲ್ಲಿ ಯಾವ ಸಂಸ್ಥೆಯ ಬೊಕ್ಕಸ ಬರಿದಾದರೂ ಈ ಒಂದೇ ಉತ್ತರ ಸಿದ್ಧವಾಗಿರುತ್ತದೆ. ತಿನ್ನುವವರು ಎಲ್ಲ ಕಾಲದಲ್ಲೂ ಇದ್ದಾರೆ, ಇಲ್ಲ ಅನ್ನೋದಿಲ್ಲ. ಆದರೆ ಮೈಸೂರು ವಿಶ್ವವಿದ್ಯಾನಿಲಯದ ಇವತ್ತಿನ ಸಂಕಟವನ್ನು ಅಷ್ಟೇ ಹೇಳಿ ಮುಗಿಸಿದರೆ ನಿಜವಾದ ಲೆಕ್ಕ ತಪ್ಪಿಹೋಗುತ್ತದೆ. ಅದು ಕಳ್ಳತನದ ಕತೆಗಿಂತ ಹೆಚ್ಚಾಗಿ ಮನೆ ಪಾಲಿನ ಕತೆ. ಪಾಲು-ಪಾರೀಕತ್ತು ಕಂಡ ಯಾವ ಮನೆಯವರಿಗೂ ಇದು ಚೆನ್ನಾಗಿ ಅರ್ಥವಾಗ್ತದೆ.

ಹಿರಿ ಮನೆ

1916ರ ಜುಲೈ 27ರಂದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ದಿವಾನ್ ವಿಶ್ವೇಶ್ವರಯ್ಯನವರ ಹಟದಿಂದ ಈ ವಿಶ್ವವಿದ್ಯಾನಿಲಯ ಹುಟ್ಟಿತು. ಅದಕ್ಕೆ ಮೊದಲು ನಮ್ಮ ಮಹಾರಾಜಾ ಕಾಲೇಜಿನ ಹುಡುಗರು ಬರೆಯುತ್ತಿದ್ದುದು ಮದರಾಸು ವಿಶ್ವವಿದ್ಯಾನಿಲಯದ ಪರೀಕ್ಷೆ. ಬ್ರಿಟಿಷರ ನೇರ ಆಳ್ವಿಕೆಯ ಹೊರಗೆ ನಿಂತ ಮೊದಲ ವಿಶ್ವವಿದ್ಯಾನಿಲಯ ನಮ್ಮದು. ಮಹಾರಾಜರೇ ಮೊದಲ ಕುಲಾಧಿಪತಿ, ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿ. ರಾಧಾಕೃಷ್ಣನ್ ಅವರು ಇಲ್ಲಿ ಪಾಠ ಹೇಳಿದರು. ಇಲ್ಲೇ ಓದಿದ ಕುವೆಂಪು 1956ರಿಂದ 1960ರವರೆಗೆ ಕುಲಪತಿಯಾಗಿ, ಕುಕ್ಕರಹಳ್ಳಿ ಕೆರೆಯ ಆಚೆ ಮಾನಸಗಂಗೋತ್ರಿಯನ್ನು ಕಟ್ಟಿ ಹೆಸರೂ ಇಟ್ಟರು.

ಆ ಕಾಲದಲ್ಲಿ ಇದು ದೊಡ್ಡ ಒಕ್ಕಲು. ಹಳೆ ಮೈಸೂರಿನ ಕಾಲೇಜುಗಳೆಲ್ಲ ಇದರ ಕೈಕೆಳಗೆ. ಕಲಾ ಕಾಲೇಜು, ವಿಜ್ಞಾನ ಕಾಲೇಜು, 1924ರಲ್ಲಿ ಶುರುವಾದ ಮೆಡಿಕಲ್ ಕಾಲೇಜು, 1946ರ ಎನ್‌ಐಇ, ಆಮೇಲೆ ಬಂದ ಎಸ್‌ಜೆಸಿಇ, ಎಲ್ಲದರ ಪರೀಕ್ಷೆಯೂ ಇಲ್ಲಿಂದಲೇ, ಎಲ್ಲರ ಡಿಗ್ರಿ ಕಾಗದಕ್ಕೂ ಇಲ್ಲಿನದೇ ಮೊಹರು.

ಈ "ಕೈಕೆಳಗೆ" ಅನ್ನುವ ಮಾತಿನಲ್ಲೇ ವ್ಯಾಪಾರದ ಗುಟ್ಟು ಇದೆ. ವಿಶ್ವವಿದ್ಯಾನಿಲಯಕ್ಕೆ ಬರುವ ಆದಾಯ ಮುಖ್ಯವಾಗಿ ಎರಡು ದಾರಿಯಲ್ಲಿ. ಒಂದು, ಸರ್ಕಾರದ ಅನುದಾನ. ಅದು ಹೆಚ್ಚಾಗಿ ಮಂಜೂರಾದ ಹುದ್ದೆಯಲ್ಲಿರುವವರ ಸಂಬಳಕ್ಕೆ. ಇನ್ನೊಂದು, ಸ್ವಂತ ಗಳಿಕೆ. ಅಂದರೆ ಪರೀಕ್ಷಾ ಶುಲ್ಕ, ಕಾಲೇಜುಗಳು ಕಟ್ಟುವ ಸಂಯೋಜನಾ ಶುಲ್ಕ, ನೋಂದಣಿ, ಅಂಕಪಟ್ಟಿ, ಘಟಿಕೋತ್ಸವದ ಶುಲ್ಕ. ಕಾಲೇಜು ಹೆಚ್ಚಿದ್ದಷ್ಟೂ ಸ್ವಂತ ಗಳಿಕೆ ಹೆಚ್ಚು. ಒಂದೊಂದು ಕಾಲೇಜೂ ಫಸಲು ಕೊಡುವ ಗದ್ದೆ ಇದ್ದ ಹಾಗೆ.

ಗದ್ದೆಗಳು ಹೋದ ಬಗೆ

ಈಗ ಪಾಲಿನ ಪಟ್ಟಿ ನೋಡಿ.

1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಬೇರೆ ಮನೆ ಮಾಡಿತು. 1980ರಲ್ಲಿ ಕೊಣಾಜೆಯ ಸ್ನಾತಕೋತ್ತರ ಕೇಂದ್ರವೇ ಮಂಗಳೂರು ವಿಶ್ವವಿದ್ಯಾನಿಲಯ ಆಯಿತು. 1987ರಲ್ಲಿ ಶಿವಮೊಗ್ಗದ ಕಡೆಯ ಕಾಲೇಜುಗಳು ಕುವೆಂಪು ವಿಶ್ವವಿದ್ಯಾನಿಲಯಕ್ಕೆ ಹೋದವು. ಇದೆಲ್ಲ ಜಿಲ್ಲೆವಾರು ಪಾಲು.

ಆಮೇಲೆ ಬಂದದ್ದು ಫಸಲುವಾರು ಪಾಲು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾನಿಲಯ ಆಗಿ ಮೆಡಿಕಲ್ ಕಾಲೇಜುಗಳು ಹೋದವು. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯ ಬಂದು ಎಂಜಿನಿಯರಿಂಗ್ ಕಾಲೇಜುಗಳು ಹೋದವು. 2009ರಲ್ಲಿ ಹುಬ್ಬಳ್ಳಿಯಲ್ಲಿ ಕಾನೂನು ವಿಶ್ವವಿದ್ಯಾನಿಲಯ, ಲಾ ಕಾಲೇಜುಗಳೂ ಅತ್ತ. ಇವು ಸಾಧಾರಣ ಗದ್ದೆಗಳಲ್ಲ, ನೀರಾವರಿ ಜಮೀನು. ಎಂಜಿನಿಯರಿಂಗ್ ಹುಡುಗನ ಫೀಸಿಗೂ ಬಿ.ಎ. ಹುಡುಗನ ಫೀಸಿಗೂ ಇರುವ ಅಂತರ ಹೆತ್ತವರಿಗೆ ಗೊತ್ತು.

ಇನ್ನೊಂದು ಮರೆಯಬಾರದು. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅಂಚೆ ಮೂಲಕ ಪಾಠ ಶುರು ಮಾಡಿತ್ತು. ಅಂಗಡಿ ಗುಮಾಸ್ತರು, ಮದುವೆಯಾಗಿ ಓದು ಬಿಟ್ಟ ಹೆಣ್ಣುಮಕ್ಕಳು, ಸ್ಕೂಲ್ ಮೇಷ್ಟ್ರುಗಳು ಎಷ್ಟೋ ಜನ ಅದರಿಂದ ಪದವೀಧರರಾದರು. ಕಡಿಮೆ ಕಟ್ಟಡ, ಕಡಿಮೆ ಮೇಷ್ಟ್ರು, ರಾಜ್ಯದ ತುಂಬ ವಿದ್ಯಾರ್ಥಿಗಳು. 1996ರಲ್ಲಿ ಅದೂ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಅಂತ ಬೇರೆಯಾಯಿತು. ಪಕ್ಕದಲ್ಲೇ ಮುಕ್ತಗಂಗೋತ್ರಿ ಅಂತ ಹೊಸ ಮನೆ.

ಉಳಿದದ್ದು ಮೈಸೂರು, ಮಂಡ್ಯ, ಹಾಸನ, ಚಾಮರಾಜನಗರ. 2022ರಲ್ಲಿ ಸರ್ಕಾರ ಕಾಯಿದೆ ತಿದ್ದಿ ಒಂದೇ ಏಟಿಗೆ ಏಳು ಹೊಸ ವಿಶ್ವವಿದ್ಯಾನಿಲಯ ಮಾಡಿತು. ಅದರಲ್ಲಿ ಹಾಸನ, ಚಾಮರಾಜನಗರ ಎರಡೂ ಇದ್ದವು. ಮಂಡ್ಯಕ್ಕೂ ಬೇರೆ ವಿಶ್ವವಿದ್ಯಾನಿಲಯ ಆಯಿತು. ನೂರಾರು ಮೈಲಿ ಹರಡಿದ್ದ ಹಿರಿ ಮನೆಗೆ ಕೊನೆಗೆ ಉಳಿದದ್ದು ಮೈಸೂರು ಜಿಲ್ಲೆ ಒಂದೇ.

ಊರಿಗೊಂದು ವಿಶ್ವವಿದ್ಯಾನಿಲಯ ಆಗಬಾರದು ಅಂತ ನಾವು ಹೇಳುತ್ತಿಲ್ಲ. ಹನೂರಿನ ಹುಡುಗಿ ಒಂದು ಅಂಕಪಟ್ಟಿ ತಿದ್ದಿಸಲು ಕ್ರಾಫರ್ಡ್ ಹಾಲಿಗೆ ಎರಡು ಬಸ್ಸು ಬದಲಿಸಿ ಬರುವ ಕಷ್ಟ ಬಸ್ಸಿನಲ್ಲಿ ಓಡಾಡುವವರಿಗೆ ಹೇಳಬೇಕಾಗಿಲ್ಲ. ಬೇರೆ ಮನೆ ಮಾಡೋದು ತಪ್ಪಲ್ಲ. ಪಾಲು ಪತ್ರ ಬರೆಯುವಾಗ ಏನು ಬಿಟ್ಟರು ಅನ್ನೋದೇ ಪ್ರಶ್ನೆ.

ಬಿಟ್ಟದ್ದು ಯಾವುದು?

ಬಿಟ್ಟದ್ದು ಪಿಂಚಣಿ.

ನಾಲ್ಕು ಜಿಲ್ಲೆಯ ಕೆಲಸ ಮಾಡಲು, ಅದಕ್ಕೂ ಮೊದಲು ಹತ್ತು ಜಿಲ್ಲೆಯ ಕೆಲಸ ಮಾಡಲು ನೇಮಿಸಿಕೊಂಡಿದ್ದ ಪ್ರೊಫೆಸರುಗಳು, ಗುಮಾಸ್ತರು, ಅಟೆಂಡರುಗಳು, ಮಾಲಿಗಳು, ಡ್ರೈವರುಗಳು ಇದ್ದರಲ್ಲ, ಅವರು ನಿವೃತ್ತರಾದಾಗ ಪಿಂಚಣಿ ಕೊಡುವ ಹೊಣೆ ಹಿರಿ ಮನೆಯ ತಲೆಗೇ ಉಳಿಯಿತು. ತಮ್ಮಂದಿರು ಗದ್ದೆ ತಗೊಂಡು ಹೋದರು. ವಯಸ್ಸಾದ ಅಪ್ಪ-ಅಮ್ಮನ ಊಟ, ಔಷಧಿ ಅಣ್ಣನಿಗೆ.

ಸರ್ಕಾರಿ ಇಲಾಖೆಯ ನೌಕರನ ಪಿಂಚಣಿ ರಾಜ್ಯದ ಖಜಾನೆಯಿಂದ ಬರುತ್ತದೆ. ತಾಲ್ಲೂಕು ಕಚೇರಿಯ ಗುಮಾಸ್ತರು ರಿಟೈರ್ ಆದ ಮೇಲೆ ಆ ಕಚೇರಿಗೆ ಎಷ್ಟು ಅರ್ಜಿ ಬಂತು, ಎಷ್ಟು ಶುಲ್ಕ ಬಂತು ಅಂತ ಯಾರೂ ನೋಡೋದಿಲ್ಲ. ವಿಶ್ವವಿದ್ಯಾನಿಲಯದವರ ಪಿಂಚಣಿ ಹಾಗಲ್ಲ. ಅದನ್ನು ಕೊಡಬೇಕಾದ್ದು ವಿಶ್ವವಿದ್ಯಾನಿಲಯವೇ. ಸರ್ಕಾರ ಕೈ ಬಿಗಿ ಮಾಡುತ್ತಾ, "ನಿಮ್ಮ ಆಂತರಿಕ ಸಂಪನ್ಮೂಲದಿಂದ ನೋಡಿಕೊಳ್ಳಿ" ಅನ್ನುತ್ತಾ ಬಂದಿದೆ. ಆಂತರಿಕ ಸಂಪನ್ಮೂಲ ಅನ್ನೋ ದೊಡ್ಡ ಮಾತನ್ನು ಬಿಡಿಸಿ ನೋಡಿದರೆ ಒಳಗಿರೋದು ಏನು? ಹುಡುಗರ ಪರೀಕ್ಷಾ ಫೀಸು.

ಶೆಟ್ಟರಿಗೆ ಒಂದು ಲೆಕ್ಕ ಹಾಕಿ ತೋರಿಸಿದೆವು. ಇದು ಉದಾಹರಣೆಗೆ ಹಾಕಿದ ಲೆಕ್ಕ, ಕಚೇರಿಯ ಅಂಕಿ ಅಲ್ಲ. ಒಬ್ಬ ನಿವೃತ್ತರಿಗೆ ತಿಂಗಳಿಗೆ 50 ಸಾವಿರ ಪಿಂಚಣಿ ಅಂತಿಟ್ಟುಕೊಳ್ಳಿ. ಪ್ರೊಫೆಸರ್ ಆಗಿದ್ದವರಿಗೆ ಇನ್ನೂ ಹೆಚ್ಚು, ಅಟೆಂಡರಿಗೆ ಕಡಿಮೆ. ವರ್ಷಕ್ಕೆ 6 ಲಕ್ಷ ಆಯಿತು. ಒಬ್ಬ ವಿದ್ಯಾರ್ಥಿ ಒಂದು ಸೆಮಿಸ್ಟರಿಗೆ 1,000 ರೂಪಾಯಿಯ ಹಾಗೆ ವರ್ಷಕ್ಕೆ 2,000 ಪರೀಕ್ಷಾ ಶುಲ್ಕ ಕಟ್ಟುತ್ತಾನೆ ಅನ್ನಿ. 6 ಲಕ್ಷ ಆಗಲು 300 ವಿದ್ಯಾರ್ಥಿಗಳು ಬೇಕು. ಒಬ್ಬ ಪಿಂಚಣಿದಾರರಿಗೆ 300 ವಿದ್ಯಾರ್ಥಿಗಳು! ಅದೂ ಪ್ರಶ್ನೆಪತ್ರಿಕೆ ಅಚ್ಚು, ಉತ್ತರಪತ್ರಿಕೆ, ಮೌಲ್ಯಮಾಪಕರ ಭತ್ಯೆ ಇದ್ಯಾವುದಕ್ಕೂ ಬಿಡಿಗಾಸು ಉಳಿಸದೆ. ಹೀಗೆ ನೂರಾರು ನಿವೃತ್ತರು. ಇತ್ತ ಕಾಲೇಜುಗಳು ಬೇರೆ ಮನೆಗೆ ಹೋಗಿಯಾಗಿದೆ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅಂದರೆ ಇದೇ.

ಶೆಟ್ಟರು ತಕ್ಕಡಿ ಕೆಳಗಿಟ್ಟರು. "ಹಂಗಾದ್ರೆ ಹುಡುಗ್ರ ಫೀಸಿಂದ ಮುದುಕ್ರಿಗೆ ಪಿಂಚಣಿ ಕೊಡ್ತವ್ರೆ ಅನ್ನಿ."

ಬಹುಮಟ್ಟಿಗೆ ಹಾಗೇ.

ಕಟ್ಟಡಕ್ಕೆ ದುಡ್ಡಿದೆ, ಪಿಂಚಣಿಗಿಲ್ಲವೇ?

ಮಾನಸಗಂಗೋತ್ರಿಯ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ನೋಡುವವರು ಕೇಳುವ ಪ್ರಶ್ನೆ ಇದು. "ಹೊಸ ಕಟ್ಟಡ ಎದ್ದಿದೆ, ಒಳಗೆ ಲಕ್ಷಾಂತರದ ಯಂತ್ರ ಬಂದಿದೆಯಂತೆ. ಸಂಬಳ, ಪಿಂಚಣಿ ಅಂದಾಗ ಮಾತ್ರ ಬಡತನ!"

ಇಲ್ಲಿ ಒಂದು ಗಂಟು ಇದೆ. ಯುಜಿಸಿಯಿಂದಲೋ ಕೇಂದ್ರದ ಯೋಜನೆಯಿಂದಲೋ ಕಟ್ಟಡಕ್ಕೆ ಬಂದ ಹಣ ಕಟ್ಟಡಕ್ಕೇ ಹೋಗಬೇಕು. ಸಂಶೋಧನೆಗೆ ಬಂದ ಹಣ ಸಂಶೋಧನೆಗೇ. ಮಗಳ ಮದುವೆಗೆ ಅಂತ ಬ್ಯಾಂಕು ಸಾಲ ಕೊಟ್ಟರೆ ಅಂಗಡಿಗೆ ಮಾಲು ತರಿಸೋಕಾಗ್ತದೆಯೇ? ಅದೇ ತರ. ಆ ಜೇಬು ತುಂಬಿದ್ದರೂ ಈ ಜೇಬು ಖಾಲಿ ಇರಬಹುದು. ಅದಕ್ಕಿಂತ ದೊಡ್ಡ ತೊಂದರೆ ಏನೆಂದರೆ, ಕಟ್ಟಡ ಕಟ್ಟಲು ದುಡ್ಡು ಕೊಟ್ಟವರು ಅದಕ್ಕೆ ಬಣ್ಣ ಬಳಿಯಲು, ಕರೆಂಟು ಬಿಲ್ ಕಟ್ಟಲು, ಕಸ ಗುಡಿಸಲು ಕೊಡೋದಿಲ್ಲ. ಕಟ್ಟಡ ಎದ್ದ ಮರುದಿನದಿಂದ ಅದರ ಖರ್ಚು ಆಂತರಿಕ ಸಂಪನ್ಮೂಲಕ್ಕೇ, ಅಂದರೆ ಮತ್ತೆ ಅದೇ ಪರೀಕ್ಷಾ ಫೀಸಿಗೆ!

ಹಳೇ ಕಟ್ಟಡಗಳ ಪಾಡು ಇನ್ನೂ ಬೇರೆ. ಮಹಾರಾಜಾ ಕಾಲೇಜು, ಯುವರಾಜಾ ಕಾಲೇಜು, ಕ್ರಾಫರ್ಡ್ ಹಾಲ್, ಗಂಗೋತ್ರಿಯೊಳಗಿನ ಜಯಲಕ್ಷ್ಮೀ ವಿಲಾಸ ಎಲ್ಲ ಈ ಮನೆಯ ಆಸ್ತಿ. ಕುಕ್ಕರಹಳ್ಳಿ ಕೆರೆಯ ನಿಗಾ ಕೂಡ ಇದೇ ಮನೆಯದು. ಬೆಳಗಿನ ವಾಕಿಂಗಿಗೆ ಹೋಗುವ ಅರ್ಧ ಮೈಸೂರು ಆ ಕೆರೆ ಏರಿಯ ಮೇಲೆ ಉಸಿರಾಡುತ್ತದೆ. ನಮಗೆ ಪುಕ್ಕಟೆ, ಅವರಿಗೆ ಖರ್ಚು.

ಚಿನ್ನದ ಪದಕದ ಕತೆಯೂ ಒಂದಿದೆ, ಅಶೋಕ ರಸ್ತೆಯ ಚಿನ್ನದಂಗಡಿಯವರು ಗಮನಿಸಬೇಕು. ಹಿಂದಿನ ಕಾಲದಲ್ಲಿ ತಂದೆಯ ಹೆಸರಲ್ಲೋ ಗುರುಗಳ ಹೆಸರಲ್ಲೋ ಪದಕಕ್ಕೆ ಅಂತ ಜನ ದತ್ತಿ ಇಡುತ್ತಿದ್ದರು. ಐದು ಸಾವಿರ ಇಟ್ಟಿದ್ದರು ಅನ್ನಿ. ನೂರಕ್ಕೆ ಆರರ ಬಡ್ಡಿಯಲ್ಲಿ ವರ್ಷಕ್ಕೆ 300 ರೂಪಾಯಿ. ಅವತ್ತು ಅದಕ್ಕೆ ಪದಕ ಬರುತ್ತಿತ್ತು. ಇವತ್ತು ಗುಲಗಂಜಿ ತೂಕದ ಚಿನ್ನವೂ ಬಾರದು. ದಾನಿಗಳ ಮನಸ್ಸು ದೊಡ್ಡದೇ, ಕಾಲ ಅದನ್ನು ಸಣ್ಣದು ಮಾಡಿಬಿಟ್ಟಿತು. ವಿಶ್ವವಿದ್ಯಾನಿಲಯದ ಪೂರ್ತಿ ಲೆಕ್ಕವೂ ಒಂದರ್ಥದಲ್ಲಿ ಈ ಪದಕದ ಲೆಕ್ಕವೇ.

ಖಾಲಿ ಕುರ್ಚಿಯ ಉಳಿತಾಯ

ಹಣ ಸಾಲದಾದಾಗ ಮೊದಲು ಬೀಳುವ ಕತ್ತರಿ ಹೊಸ ನೇಮಕದ ಮೇಲೆ. ಪ್ರೊಫೆಸರು ರಿಟೈರ್ ಆದರು, ಕುರ್ಚಿ ಹಾಗೇ ಉಳಿಯಿತು. ಒಂದು ವರ್ಷ, ಎರಡು ವರ್ಷ, ಹತ್ತು ವರ್ಷ. ಹೀಗೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮಂಜೂರಾದ ಬೋಧಕ ಹುದ್ದೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ ಬಿದ್ದಿವೆ.

ಖಾಲಿ ಕುರ್ಚಿಯಿಂದ ಉಳಿತಾಯ ಆಯಿತಲ್ಲ ಅನ್ನಬಹುದು. ಆಯಿತು, ಆದರೆ ಯಾರಿಗೆ? ಖಾಯಂ ಮೇಷ್ಟ್ರ ಸಂಬಳ ಸರ್ಕಾರದ ಅನುದಾನದಿಂದ ಬರುತ್ತಿತ್ತು. ಅವರು ಹೋದ ಮೇಲೆ ಪಾಠ ನಿಲ್ಲಿಸಲು ಆಗೋದಿಲ್ಲವಲ್ಲ, ಅತಿಥಿ ಉಪನ್ಯಾಸಕರನ್ನು ಕರೆಯಬೇಕು. ಅವರ ಸಂಭಾವನೆಯ ಭಾರ ಹೆಚ್ಚಾಗಿ ಬೀಳುವುದು ವಿಶ್ವವಿದ್ಯಾನಿಲಯದ ಸ್ವಂತ ಜೇಬಿನ ಮೇಲೆ. ಅಂದರೆ ಉಳಿತಾಯ ವಿಧಾನಸೌಧಕ್ಕೆ, ಖರ್ಚು ಗಂಗೋತ್ರಿಗೆ. ಅಂಗಡಿ ಭಾಷೆಯಲ್ಲಿ ಹೇಳೋದಾದರೆ ಲಾಭ ಅವರ ಖಾತೆಗೆ, ಬಾಕಿ ಇವರ ಖಾತೆಗೆ.

ಅತಿಥಿ ಅನ್ನುವ ಹೆಸರು ನೋಡಿ! ನಮ್ಮಲ್ಲಿ ಅತಿಥಿ ಬಂದರೆ ಮಣೆ ಹಾಕಿ ಊಟ ಬಡಿಸ್ತೀವಿ. ಈ ಅತಿಥಿಗೆ ರಜೆ ಬಂದರೆ ಊಟ ಇಲ್ಲ. 2019ರಲ್ಲಿ ಯುಜಿಸಿ ಹೇಳಿದ ದರ ಒಂದು ತರಗತಿಗೆ 1,500 ರೂಪಾಯಿ, ತಿಂಗಳಿಗೆ ಹೆಚ್ಚೆಂದರೆ 50 ಸಾವಿರ. ಅಷ್ಟು ಕೈಗೆ ಹತ್ತುವವರು ಎಲ್ಲೋ ಕೆಲವರು. ಪಿಎಚ್‌ಡಿ ಮುಗಿಸಿ, ನೆಟ್ ಪಾಸು ಮಾಡಿ, ನಲವತ್ತು ವರ್ಷ ದಾಟಿ, ಮುಂದಿನ ವರ್ಷ ಕೆಲಸ ಉಂಟೋ ಇಲ್ಲವೋ ಗೊತ್ತಿಲ್ಲದೆ ಪಾಠ ಮಾಡುವವರು ನಮ್ಮ ಬಸ್ಸಿನಲ್ಲೇ ಪಕ್ಕದ ಸೀಟಿನಲ್ಲಿ ಕೂತಿರುತ್ತಾರೆ. ನಮ್ಮ ಮಕ್ಕಳಿಗೆ ಇವತ್ತು ಪಾಠ ಹೇಳುತ್ತಿರುವವರಲ್ಲಿ ಬಹುಮಂದಿ ಇವರೇ.

ಖಾಯಂ ಮೇಷ್ಟ್ರು ಕಡಿಮೆಯಾದರೆ ಸಂಶೋಧನಾ ಯೋಜನೆ ತರುವವರೂ ಕಡಿಮೆ. ಯೋಜನೆ ಕಡಿಮೆಯಾದರೆ ಹೊರಗಿನ ಹಣವೂ ಕಡಿಮೆ. ಬಿತ್ತನೆ ಬೀಜವನ್ನೇ ಕುಟ್ಟಿ ಉಣ್ಣುವ ಸ್ಥಿತಿ ಇದು.

ಬೊಕ್ಕಸದ ಪಾಠ ಕಲಿಸಿದ ಮನೆ

ಒಂದು ಸೋಜಿಗ ನೋಡಿ. ಕೌಟಿಲ್ಯನ ಅರ್ಥಶಾಸ್ತ್ರ ಲೋಕಕ್ಕೆ ಮತ್ತೆ ಸಿಕ್ಕಿದ್ದು ನಮ್ಮ ಮೈಸೂರಿನಲ್ಲೇ. 1905ರಲ್ಲಿ ಇಲ್ಲಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು ಅದರ ತಾಳೆಗರಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ಆ ಲೈಬ್ರರಿಯೇ ಇವತ್ತಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ವಿಶ್ವವಿದ್ಯಾನಿಲಯದ ಒಂದು ಅಂಗ. ಬೊಕ್ಕಸ ತುಂಬಿಸೋದು ಹೇಗೆ, ಲೆಕ್ಕ ಇಡೋದು ಹೇಗೆ, ನೌಕರರು ಹಣ ಎಗರಿಸುವ ನಲವತ್ತು ಬಗೆ ಯಾವುವು, ಎಲ್ಲ ಅದರಲ್ಲಿದೆ. ಆ ಗ್ರಂಥವನ್ನು ಜಗತ್ತಿಗೆ ಕೊಟ್ಟ ಮನೆಗೇ ಇವತ್ತು ತಿಂಗಳ ಕೊನೆಗೆ ಲೆಕ್ಕ ಕೂಡದು.

ಈ ಕಷ್ಟ ಮೈಸೂರಿಗೆ ಮಾತ್ರ ಬಂದದ್ದಲ್ಲ. ಕೊಡಗಿಗೆ ಬೇರೆ ವಿಶ್ವವಿದ್ಯಾನಿಲಯ ಆದ ಮೇಲೆ ಮಂಗಳೂರು ವಿಶ್ವವಿದ್ಯಾನಿಲಯಕ್ಕೂ ಅಲ್ಲಿನ ಕಾಲೇಜುಗಳು ತಪ್ಪಿಹೋದವು, ಅಲ್ಲೂ ಸಂಬಳ-ಪಿಂಚಣಿಯ ಗೋಳು ಪತ್ರಿಕೆಗಳಿಗೆ ಬಂತು. 1991ರಲ್ಲಿ ಹುಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾನಿಲಯಕ್ಕಂತೂ ಸಂಯೋಜಿತ ಕಾಲೇಜುಗಳೇ ಇಲ್ಲ, ಅದು ಸಂಶೋಧನೆಯ ಮನೆ. ಪರೀಕ್ಷಾ ಫೀಸಿನ ಗದ್ದೆಯೇ ಇಲ್ಲದ್ದರಿಂದ ಸರ್ಕಾರದ ಅನುದಾನ ಸಣ್ಣದಾದಾಗ ಕರೆಂಟು ಬಿಲ್ ಕಟ್ಟಲೂ ಅದು ಪರದಾಡಿದ್ದನ್ನು ಇತ್ತೀಚಿನ ವರ್ಷಗಳಲ್ಲಿ ನಾಡು ಕಂಡಿದೆ.

ದಿಲ್ಲಿಯಲ್ಲೂ ಈ ಮಾತು ಹಳೆಯದು. 1990ರ ದಶಕದ ಮೊದಲಲ್ಲಿ ಯುಜಿಸಿ ನೇಮಿಸಿದ ನ್ಯಾಯಮೂರ್ತಿ ಪುನ್ನಯ್ಯ ಸಮಿತಿ, ವಿಶ್ವವಿದ್ಯಾನಿಲಯಗಳು ತಮ್ಮ ವರ್ಷದ ಖರ್ಚಿನಲ್ಲಿ ಐದು ವರ್ಷದೊಳಗೆ ನೂರಕ್ಕೆ 15, ಹತ್ತು ವರ್ಷದೊಳಗೆ ನೂರಕ್ಕೆ 25 ಪಾಲನ್ನು ತಾವೇ ದುಡಿಯಬೇಕು ಅಂತ ಹೇಳಿತು. ಕಾಲು ಭಾಗ ದುಡಿ ಅಂದದ್ದು ನ್ಯಾಯವೇ ಇರಬಹುದು. ಆದರೆ ದುಡಿಯುವ ಗದ್ದೆಗಳನ್ನು ಒಂದೊಂದಾಗಿ ಕಿತ್ತುಕೊಂಡು ದುಡಿ ಅಂದರೆ?

ಸಂಬಳದ ವಿಷಯದಲ್ಲೂ ಹೀಗೇ. ಮೇಷ್ಟ್ರುಗಳಿಗೆ ಯುಜಿಸಿಯ ಹೊಸ ವೇತನ 2016ರ ಜನವರಿ 1ರಿಂದ ಅಂತ ಆದಾಗ, ಹೆಚ್ಚುವರಿ ಹೊರೆಯಲ್ಲಿ ಅರ್ಧ ಕೇಂದ್ರ ಕೊಡ್ತೀನಿ ಅಂದಿತು, 2019ರ ಮಾರ್ಚ್ 31ರವರೆಗೆ ಮಾತ್ರ. ಆಮೇಲಿನದು ರಾಜ್ಯದ ಪಾಲಿಗೆ. 2024ರ ಆಗಸ್ಟಿನಿಂದ ರಾಜ್ಯದ ಏಳನೇ ವೇತನ ಆಯೋಗದ ಏರಿಕೆ ಜಾರಿಗೆ ಬಂತು. ಬೋಧಕೇತರರ ಸಂಬಳ ಏರಿತು, ಅದರ ಹಿಂದೆಯೇ ಪಿಂಚಣಿಯೂ ಏರಿತು. ಏರಿಸಿದ್ದು ಸರಿಯೇ, ಅಕ್ಕಿ-ಬೇಳೆ ದರ ಶೆಟ್ಟರಿಗೇ ಗೊತ್ತಲ್ಲ. ಆದರೆ ಏರಿಸುವವರು ಒಬ್ಬರು, ಕೊಡುವವರು ಇನ್ನೊಬ್ಬರು.

ಅಡ್ಡದಾರಿಯ ಆಸೆ

ಹಣದ ಬಿಕ್ಕಟ್ಟು ಬಂದಾಗ ಸುಲಭದ ದಾರಿ ಹೇಳಿಕೊಡುವವರು ಬಹಳ. "ಫೀಸು ಏರಿಸಿ", "ಜಾಗ ಮಾರಿ", "ಹೊರ ರಾಜ್ಯದಲ್ಲಿ ಶಾಖೆ ತೆರೆಯಿರಿ".

ಕೊನೆಯ ದಾರಿ ಹಿಡಿದರೆ ಏನಾಗ್ತದೆ ಅಂತ ತಿಳಿಯಲು ದೂರ ಹೋಗಬೇಕಿಲ್ಲ. ಪಕ್ಕದ ಮುಕ್ತ ವಿಶ್ವವಿದ್ಯಾನಿಲಯ ಖಾಸಗಿ ಸಂಸ್ಥೆಗಳ ಜೊತೆ ಒಪ್ಪಂದ ಮಾಡಿಕೊಂಡು ದೇಶದ ಉದ್ದಗಲಕ್ಕೂ ಕೋರ್ಸು ನಡೆಸಿತು. ಹಣ ಬಂತು, ಜೊತೆಗೆ ನಿಯಮ ಮೀರಿದ ಆರೋಪವೂ ಬಂತು. 2015ರಲ್ಲಿ ಯುಜಿಸಿ, 2012-13ರಿಂದ ಈಚೆಗೆ ಮಾನ್ಯತೆ ಇಲ್ಲ ಅಂದಿತು. ಓದಿ ಪಾಸಾದ ಹುಡುಗರು ಸರ್ಟಿಫಿಕೇಟು ಕೈಯಲ್ಲಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದರು. ಮಾನ್ಯತೆ ಮರಳಿ ಸಿಕ್ಕಿದ್ದು 2018ರಲ್ಲಿ. ವ್ಯಾಪಾರದಲ್ಲಿ ಒಮ್ಮೆ ತೂಕ ಕೆಟ್ಟರೆ ಗಿರಾಕಿ ಮತ್ತೆ ಮೆಟ್ಟಿಲು ಹತ್ತೋದು ಎಷ್ಟು ಕಷ್ಟ ಅಂತ ಅಂಗಡಿಯವರಿಗೆ ನಾವು ಹೇಳಬೇಕೇ?

ಜಾಗ ಮಾರುವ ಮಾತು ಅದಕ್ಕಿಂತ ಕೆಟ್ಟದು. ಮಾರಿದ ಹಣ ಎರಡು ವರ್ಷದ ಪಿಂಚಣಿಗೆ ಕರಗುತ್ತದೆ, ಕೊಂಡವನ ಕಟ್ಟಡ ನೂರು ವರ್ಷ ನಿಲ್ಲುತ್ತದೆ.

ಇನ್ನು ಫೀಸು. ಸರ್ಕಾರಿ ವಿಶ್ವವಿದ್ಯಾನಿಲಯಕ್ಕೆ ಬರುವವರು ಯಾರು? ಎಚ್.ಡಿ. ಕೋಟೆಯ ರೈತನ ಮಗ, ಪಿರಿಯಾಪಟ್ಟಣದ ತಂಬಾಕು ಬೆಳೆಗಾರನ ಮಗಳು, ಬೆಳಗಿನ ಮೊದಲ ಬಸ್ಸು ಹಿಡಿಯುವ ನಂಜನಗೂಡಿನ ಹುಡುಗಿ. 2023ರ ಜೂನ್‌ನಿಂದ ಅವಳಿಗೆ ಸರ್ಕಾರಿ ಬಸ್ಸು ಪುಕ್ಕಟೆ ಆಯಿತು, ಒಳ್ಳೆಯದೇ. ಬಸ್ಸಿನಲ್ಲಿ ಉಳಿಸಿದ್ದನ್ನು ಫೀಸಿನಲ್ಲಿ ಕಿತ್ತುಕೊಂಡರೆ ಆಕೆಗೆ ಉಳಿದದ್ದೇನು? ಇದ್ದವರ ಮಕ್ಕಳಿಗೆ ಖಾಸಗಿ ವಿಶ್ವವಿದ್ಯಾನಿಲಯಗಳಿವೆ. ಇಲ್ಲದವರಿಗೆ ಇರೋದು ಇದೊಂದೇ ಬಾಗಿಲು.

ಊರಿಗೇನು ನಷ್ಟ?

"ಅವರ ಕಷ್ಟ ಅವರಿಗೆ, ನಮಗೇನು?" ಅನ್ನುವವರು ಪಡುವಾರಹಳ್ಳಿ, ಕೆ.ಜಿ. ಕೊಪ್ಪಲು, ಸರಸ್ವತಿಪುರಂ, ಬೋಗಾದಿ ರಸ್ತೆಯಲ್ಲಿ ಒಮ್ಮೆ ನಡೆದು ಬರಲಿ. ಬಾಡಿಗೆ ರೂಮು, ಮೆಸ್ಸು, ಜೆರಾಕ್ಸ್ ಅಂಗಡಿ, ಬೇಕರಿ, ಸೈಕಲ್ ಶಾಪು, ಕಟಿಂಗ್ ಶಾಪು, ಇವೆಲ್ಲ ಯಾರ ಮೇಲೆ ನಿಂತಿವೆ? ಗಂಗೋತ್ರಿಯಲ್ಲಿ ಓದಲು ಬರುವ ಹೊರದೇಶದ ಹುಡುಗರೂ ಜಯಲಕ್ಷ್ಮೀಪುರಂ ಅಂಗಡಿಯಲ್ಲೇ ಟೊಮೆಟೊ ತಗೊಳ್ತಾರೆ. ಪ್ರಬಂಧ ಬೈಂಡಿಂಗ್ ಮಾಡುವವನ ಒಲೆ ಉರಿಯೋದು ಪಿಎಚ್‌ಡಿ ವಿದ್ಯಾರ್ಥಿಗಳಿಂದ.

ನಿವೃತ್ತರ ಪಿಂಚಣಿಯೂ ಇದೇ ಊರಿನಲ್ಲೇ ಖರ್ಚಾಗುವ ಹಣ. ಅದು ಹೋಗೋದು ಔಷಧಿ ಅಂಗಡಿಗೆ, ಹಾಲಿನ ಬೂತಿಗೆ, ದೇವರಾಜ ಮಾರುಕಟ್ಟೆಯ ವೀಳ್ಯದೆಲೆಗೆ. ಪಿಂಚಣಿ ತಡವಾದ ತಿಂಗಳು ಅಂಗಡಿ ಸಾಲದ ಪುಸ್ತಕದಲ್ಲಿ ಒಂದು ಸಾಲು ಹೆಚ್ಚಾಗ್ತದೆ. ಮೂವತ್ತು ವರ್ಷ ಸೇವೆ ಮಾಡಿದ ಹಿರಿಯರು ತಮ್ಮ ದುಡಿಮೆಯ ಹಣಕ್ಕಾಗಿ ಧರಣಿ ಕೂರುವುದು ಊರಿಗೆ ಗೌರವ ಅಲ್ಲ. 2016ರ ಜನವರಿಯಲ್ಲಿ ಇದೇ ಅಂಗಳದಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ 103ನೇ ಅಧಿವೇಶನ ನಡೆದು ಊರೆಲ್ಲ ತೋರಣ ಕಟ್ಟಿತ್ತು.

ದಾರಿ ಇಲ್ಲವೇ?

ಇದೆ. ಮೊದಲು ಒಂದು ಸಮಾಧಾನದ ಮಾತು. ಈ ಪಿಂಚಣಿ ಹೊರೆ ಕೊನೆಯಿಲ್ಲದ್ದಲ್ಲ. 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಿಗೆ ಹಳೆ ಪಿಂಚಣಿ ಇಲ್ಲ, ಹೊಸ ಪದ್ಧತಿ. ಅದರಲ್ಲಿ ನೌಕರಿ ಇರುವಾಗಲೇ ತಿಂಗಳು ತಿಂಗಳು ಕಂತು ಕಟ್ಟಿ ಗಂಟು ಕೂಡಿಸುತ್ತಾರೆ. ಆ ದಿನಕ್ಕೆ ಮೊದಲು ಸೇರಿದ ಮೇಷ್ಟ್ರು ನಿವೃತ್ತರಾಗೋದು 62ಕ್ಕೆ. ಲೆಕ್ಕ ಹಾಕಿದರೆ 2040ರ ಆಸುಪಾಸಿಗೆ ಹಳೆ ಸಾಲಿನ ಬಹುಪಾಲು ಜನ ನಿವೃತ್ತರಾಗಿರುತ್ತಾರೆ. ಅಲ್ಲಿಂದ ಮುಂದೆ ಪಟ್ಟಿ ಇಳಿಯುತ್ತದೆ. ಅಂದರೆ ಇದು ಹತ್ತಿ ಇಳಿಯಬೇಕಾದ ಬೆಟ್ಟ, ತಳವಿಲ್ಲದ ಬಾವಿ ಅಲ್ಲ. ಚಾಮುಂಡಿ ಬೆಟ್ಟ ಹತ್ತುವವರಿಗೆ ನಡುವೆ ನಂದಿ ಹತ್ತಿರ ಕೂರಲು ಜಾಗ ಇದೆ. ಇಲ್ಲಿ ಅಂಥ ಜಾಗ ಮಾಡಿಕೊಡಬೇಕಾದವರು ಸರ್ಕಾರ.

ಒಂದನೆಯದಾಗಿ, ಪಿಂಚಣಿಯನ್ನು ಪರೀಕ್ಷಾ ಫೀಸಿನಿಂದ ಬಿಡಿಸಬೇಕು. ಬೇರೆ ಸರ್ಕಾರಿ ನೌಕರರ ಹಾಗೆ ಖಜಾನೆಯಿಂದಲೇ ಕೊಡಲಿ, ಇಲ್ಲವೇ ಅದಕ್ಕೆಂದೇ ಪ್ರತ್ಯೇಕ ಅನುದಾನ ಇಡಲಿ.

ಎರಡನೆಯದಾಗಿ, ಪಾಲು ಪತ್ರ ಸರಿಮಾಡಬೇಕು. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಒಂಬತ್ತು ವಿಶ್ವವಿದ್ಯಾನಿಲಯಗಳನ್ನು ಮುಚ್ಚುವ ಮಾತು ಆಡಿತು. ಹಾಸನ, ಚಾಮರಾಜನಗರ, ಮಂಡ್ಯ ಆ ಪಟ್ಟಿಯಲ್ಲಿದ್ದವು. ಆ ಜಿಲ್ಲೆಗಳಲ್ಲಿ ವಿರೋಧವೂ ಎದ್ದಿತು, ಸಹಜವೇ. ಕೊಟ್ಟ ತಟ್ಟೆ ಕಿತ್ತುಕೊಂಡರೆ ಯಾರು ಸುಮ್ಮನಿರ್ತಾರೆ? ಒಂದು ಸರ್ಕಾರ ಹಣ ಕೊಡದೆ ತೆರೆಯೋದು, ಇನ್ನೊಂದು ಹಣವಿಲ್ಲ ಅಂತ ಮುಚ್ಚಲು ಹೊರಡೋದು, ನಡುವೆ ಮೂರು ವರ್ಷ ಓದಿದ ಹುಡುಗ ತನ್ನ ಡಿಗ್ರಿ ಯಾವ ಮನೆಯದು ಅಂತ ಕೇಳಬೇಕು! ಕಾಲೇಜು ಯಾವ ಮನೆಯಲ್ಲಿದ್ದರೂ ಸರಿ, ಕಾಲೇಜಿನ ಜೊತೆ ಪಿಂಚಣಿಯ ಪಾಲೂ ಹೋಗಬೇಕು. ಗದ್ದೆ ತಗೊಂಡವನು ಸಾಲದಲ್ಲೂ ಪಾಲು ಹೊರಬೇಕು. ಹಳ್ಳಿ ಪಂಚಾಯಿತಿ ಕಟ್ಟೆಯಲ್ಲಿ ಮಾಡುವ ನ್ಯಾಯ ಇದು, ವಿಧಾನಸೌಧದಲ್ಲಿ ಯಾಕೆ ಆಗಬಾರದು?

ಮೂರನೆಯದು ವಿಶ್ವವಿದ್ಯಾನಿಲಯದ ಮನೆಯೊಳಗಿನ ಕೆಲಸ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ಕಾಯಂ ಅಲ್ಲದ ನೇಮಕಗಳನ್ನು ಹಿಂದಿನವರು ಕೈ ಬಿಚ್ಚಿ ಮಾಡಿದ್ದರೆ ಅದಕ್ಕೆ ಲೆಕ್ಕ ಕೊಡಬೇಕು. ವಿದ್ಯಾರ್ಥಿಗಳಿಲ್ಲದ ಕೋರ್ಸುಗಳನ್ನು ಒಟ್ಟುಗೂಡಿಸಬೇಕು. ಹಾಗಂತ ಪ್ರಾಚೀನ ಭಾಷೆ, ಜಾನಪದದಂಥ ವಿಷಯಗಳನ್ನು ಗಿರಾಕಿ ಇಲ್ಲ ಅಂತ ಮುಚ್ಚಬಾರದು, ಅವು ಮಾರಾಟದ ಸರಕಲ್ಲ. ನಿಗಾದ ಖರ್ಚು ಎಲ್ಲಿಂದ ಅಂತ ಬರೆಯದೆ ಹೊಸ ಕಟ್ಟಡಕ್ಕೆ ಅಡಿಗಲ್ಲು ಹಾಕಬಾರದು.

ನಾಲ್ಕನೆಯದು ಖರ್ಚಿಲ್ಲದ ಕೆಲಸ. ಪ್ರತಿ ವರ್ಷ ಮಂಡಿಸುವ ಬಜೆಟ್ಟನ್ನು ಸಿಂಡಿಕೇಟ್ ಸಭೆಯ ದಪ್ಪ ಪುಸ್ತಕದಲ್ಲಿ ಮುಚ್ಚಿಡದೆ, ಒಂದು ಹಾಳೆಯಲ್ಲಿ, ಸರಳ ಕನ್ನಡದಲ್ಲಿ ಕ್ರಾಫರ್ಡ್ ಹಾಲಿನ ಬಾಗಿಲಿಗೆ ಅಂಟಿಸಲಿ. ಇಷ್ಟು ಬಂತು, ಇಷ್ಟು ಹೋಯ್ತು, ಸರ್ಕಾರದಿಂದ ಇಷ್ಟು ಬಾಕಿ. ಲೆಕ್ಕ ಕಂಡರೆ ಜನ ಜೊತೆಗೆ ನಿಲ್ತಾರೆ. ಲೆಕ್ಕ ಕಾಣದಿದ್ದರೆ "ಮೇಲಿನೋರು ತಿಂದಿರ್ತಾರೆ" ಅನ್ನುವ ಮಾತೇ ಗೆಲ್ಲುತ್ತದೆ.

ಹಳೆ ವಿದ್ಯಾರ್ಥಿಗಳೂ ಇದ್ದಾರೆ. ಇಲ್ಲಿ ಕೆಲವೇ ರೂಪಾಯಿ ಫೀಸು ಕಟ್ಟಿ ಓದಿ ಬೆಂಗಳೂರು, ಅಮೆರಿಕ ಸೇರಿದವರು ಸಾವಿರಾರು. ಅವರು ಕೊಡಲಿ, ಸಂತೋಷ. ಆದರೆ ಕೊಡುಗೆಯಿಂದ ಗ್ರಂಥಾಲಯ ಆಗಬಹುದು, ವಿದ್ಯಾರ್ಥಿವೇತನ ಆಗಬಹುದು. ತಿಂಗಳ ಸಂಬಳ, ತಿಂಗಳ ಪಿಂಚಣಿ ದಾನದಿಂದ ನಡೆಯೋದಿಲ್ಲ. ಅದು ಸರ್ಕಾರದ ಋಣ.

ಇಷ್ಟನ್ನೂ ಕೇಳಿಸಿಕೊಂಡ ಶೆಟ್ಟರು ಬೇಳೆ ಪೊಟ್ಟಣ ಕಟ್ಟುತ್ತಾ ಒಂದು ಮಾತು ಹೇಳಿದರು: "ನಮ್ಮಪ್ಪ ನಾಲ್ಕು ಜನ ಅಣ್ಣತಮ್ಮಂದಿರಿಗೆ ಪಾಲು ಮಾಡ್ದಾಗ ಮೊದಲು ಬರೆಸಿದ್ದು ಸಾಲ, ಆಮೇಲೆ ಅವ್ವನ ಜೀವನಾಂಶ, ಅದಾದ ಮೇಲೆ ಅಂಗಡಿ, ಮನೆ. ಆರನೇ ಕ್ಲಾಸು ಓದಿದ್ದ ಮನುಷ್ಯನಿಗೆ ಗೊತ್ತಿತ್ತು ಸ್ವಾಮಿ. ಯೂನಿವರ್ಸಿಟಿ ಪಾಲು ಮಾಡಿದೋರಿಗೆ ಗೊತ್ತಾಗ್ಲಿಲ್ವೇ?"

ಶೆಟ್ಟರ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಕೊಡಬೇಕಾದವರು ಬೆಂಗಳೂರಿನಲ್ಲಿದ್ದಾರೆ. ಪ್ರಶ್ನೆಯನ್ನು ಇಲ್ಲಿ ಅಚ್ಚು ಹಾಕಿದ್ದೇವೆ.